ದಾರಿ ತಪ್ಪಿದ ಮಕ್ಕಳು: ಮಲೆನಾಡಿನ ಕಾಡಿನ ಕಥೆಗೆ ಪಾತ್ರ ಕಟ್ಟುವುದು

ಕಾಡಿನಲ್ಲಿ ಸಿಕ್ಕಿಬಿದ್ದ ಹದಿಹರೆಯದ ಮಕ್ಕಳ ಕಥೆ ಬರೆಯಲು ಕೂತವರು ಮೊದಲು ಒಂದು ತಂಡ ಕಟ್ಟುತ್ತಾರೆ. ಒಬ್ಬ ಧೈರ್ಯವಂತ, ಒಬ್ಬ ಪುಕ್ಕಲ, ಒಬ್ಬಳು ಜಾಣೆ, ಒಬ್ಬ ನಗಿಸುವವನು. ಆಮೇಲೆ ಅವರನ್ನು ಕಾಡಿಗೆ ಬಿಡುತ್ತಾರೆ. ಹತ್ತು ಪುಟ ಆಗುವಷ್ಟರಲ್ಲಿ ಕಥೆ ನಿಂತುಬಿಡುತ್ತದೆ. ಧೈರ್ಯವಂತ ಧೈರ್ಯ ತೋರಿಸಿದ, ಪುಕ್ಕಲ ಹೆದರಿದ, ಮುಂದೇನು? ಮುಂದೆ ತಳ್ಳುವ ಶಕ್ತಿ ಆ ಪಾತ್ರಗಳಲ್ಲೇ ಇಲ್ಲ. ಆಗ ಬರೆಯುವವರು ಒಂದು ಹುಲಿಯನ್ನೋ ಕಳ್ಳಬೇಟೆಗಾರರನ್ನೋ ತಂದು ನಿಲ್ಲಿಸುತ್ತಾರೆ.

ಮಳೆ, ಇಳಿಜಾರು, ಕತ್ತಲೆ ಯಾರ ಧೈರ್ಯವನ್ನೂ ಕೇಳುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಯಾರಿಗೆ ಏನು ಗೊತ್ತು ಅನ್ನುವುದು. ಅದಕ್ಕಿಂತ ಮುಖ್ಯವಾಗಿ, ಯಾರು ಯಾವುದನ್ನು ತಪ್ಪಾಗಿ ತಿಳಿದುಕೊಂಡು ಅದನ್ನೇ ಗಟ್ಟಿಯಾಗಿ ನಂಬಿದ್ದಾರೆ ಅನ್ನುವುದು. ಇಂಥ ಕಥೆಯ ಪಾತ್ರಗಳನ್ನು ಸ್ವಭಾವದಿಂದ ಶುರು ಮಾಡಬೇಡಿ, ತಿಳಿವಳಿಕೆಯಿಂದ ಶುರು ಮಾಡಿ. ಸ್ವಭಾವ ತಾನಾಗಿಯೇ ಹಿಂದಿನಿಂದ ಬರುತ್ತದೆ. ನಾನು ಹೇಳಹೊರಟಿರುವುದು ಇಷ್ಟೇ. ಆದರೆ ಇದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಲು ನಮ್ಮದೇ ಒಂದು ಕಾಡು ಬೇಕು.

ಜಾಗ ಹೊಸನಗರ ತಾಲ್ಲೂಕು, ಕೊಡಚಾದ್ರಿಯ ತಪ್ಪಲು ಅಂತ ಇಟ್ಟುಕೊಳ್ಳೋಣ. ಕಾಲ ದಸರಾ ರಜೆ. ಮಳೆಗಾಲ ಮುಗಿಯಿತು ಅಂದುಕೊಂಡ ಮೇಲೆ ಮತ್ತೆ ಎರಡು ದಿನ ಜಡಿ ಹಿಡಿಯುತ್ತದಲ್ಲ, ಆ ಹೊತ್ತು. ನಂದಿನಿಗೆ 15 ವರ್ಷ, ಅಡಿಕೆ ತೋಟದ ಮನೆಯ ಹುಡುಗಿ, ಹತ್ತನೇ ಕ್ಲಾಸು. ಅವಳ ತಮ್ಮ ಸುಹಾಸನಿಗೆ 9. ದೊಡ್ಡಪ್ಪನ ಮಗ ಅದ್ವೈತ್‌ಗೆ 16, ರಜೆಗೆ ಬೆಂಗಳೂರಿನಿಂದ ಬಂದವನು. ಇವರ ತೋಟದ ಕೆಲಸಕ್ಕೆ ಬರುವವರ ಮಗ ಪ್ರದೀಪನಿಗೆ 14. ಅಬ್ಬಿ, ಅಂದರೆ ಜಲಪಾತ, ನೋಡಿ ಬರುತ್ತೇವೆ ಅಂತ ಹೊರಟವರು, ವಾಪಸ್ ಬರುವಾಗ ಒಳದಾರಿ ಹಿಡಿದರು. ಮಧ್ಯಾಹ್ನ ಮೂರರ ಹೊತ್ತಿಗೆ ಮಂಜು ಇಳಿಯಿತು. ದಾರಿ ಹೋಯಿತು.

ಈಗ ಒಬ್ಬೊಬ್ಬರಿಗೂ ಒಂದು ನಿಜವಾದ ತಿಳಿವಳಿಕೆ ಮತ್ತು ಒಂದು ತಪ್ಪು ತಿಳಿವಳಿಕೆ ಕೊಡಬೇಕು. ನಂದಿನಿಗೆ ತಮ್ಮ ಮನೆಯ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಮರಮರವೂ ಗೊತ್ತು. ಯಾವ ಗಿಡ ತುರಿಸುತ್ತದೆ, ಯಾವ ಮರದ ಹಾಲು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ ಅಂತ ಹೇಳಬಲ್ಲಳು. ಅವಳ ತಪ್ಪು ಅಂದರೆ, ಎಲ್ಲ ಬೆಟ್ಟವೂ ತಮ್ಮ ಬೆಟ್ಟದ ಹಾಗೇ ಅಂತ ತಿಳಿದಿರುವುದು. ಮಲೆನಾಡಿನಲ್ಲೇ ಹುಟ್ಟಿದ ನನಗೆ ದಾರಿ ತಪ್ಪುತ್ತದಾ ಅನ್ನುವ ಅಭಿಮಾನ ಬೇರೆ. ಹಾಗಾಗಿ ದಾರಿ ತಪ್ಪಿದೆ ಅಂತ ಬಾಯಿ ಬಿಟ್ಟು ಹೇಳಲು ಅವಳಿಗೆ ಒಂದು ಗಂಟೆ ಬೇಕಾಗುತ್ತದೆ. ಆ ಒಂದು ಗಂಟೆಯಲ್ಲಿ ಅವರು ಇನ್ನೂ ಆಳಕ್ಕೆ ಹೋಗಿರುತ್ತಾರೆ. ನೋಡಿ, ಅವಳು ಹಟಮಾರಿ ಅಂತ ನಾವು ಎಲ್ಲೂ ಬರೆಯಬೇಕಾಗಲಿಲ್ಲ.

ಅದ್ವೈತ್ ಟ್ರೆಕ್ಕಿಂಗ್ ವಿಡಿಯೊ ನೋಡಿದವನು, ಶಾಲೆಯಲ್ಲಿ ಸ್ಕೌಟ್ಸ್‌ಗೆ ಹೋದವನು. ಉಳುಕಿದ ಕಾಲಿಗೆ ಬಟ್ಟೆ ಕಟ್ಟುವುದು ಅವನಿಗೆ ಚೆನ್ನಾಗಿ ಬರುತ್ತದೆ. ಆದರೆ ಅವನ ತಲೆಯಲ್ಲಿರುವ ನಿಯಮಗಳೆಲ್ಲ ಬೇರೆ ಕಾಡಿನವು. ಮೊದಲು ನೀರು ಹುಡುಕಬೇಕು ಅನ್ನುತ್ತಾನೆ. ಅಕ್ಟೋಬರಿನ ಮಲೆನಾಡಿನಲ್ಲಿ ನೀರು ಹುಡುಕುವುದೇನು, ನೀರಿನಿಂದ ತಪ್ಪಿಸಿಕೊಳ್ಳುವುದೇ ಕೆಲಸ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಇಂಥ ಸೀಮೆಯ ಕಥೆಯಲ್ಲಿ ಬಾಯಾರಿ ಒದ್ದಾಡುವ ದೃಶ್ಯ ಬಂದರೆ ಅದು ಎಲ್ಲಿಂದಲೋ ಹಾರಿ ಬಂದದ್ದು ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಊಟವೂ ಅಷ್ಟೇ. ಊಟ ಇಲ್ಲದೆ ಮನುಷ್ಯ ವಾರಗಟ್ಟಲೆ ಬದುಕಬಲ್ಲ. ಎರಡು ಮೂರು ದಿನದ ಹಸಿವು ಸಾಯಿಸುವುದಿಲ್ಲ, ಸಿಟ್ಟು ಬರಿಸುತ್ತದೆ. ಜಗಳದ ದೃಶ್ಯಕ್ಕೆ ಹಸಿವು ಬಳಸಿಕೊಳ್ಳಿ, ಸಾವಿನ ಭಯಕ್ಕೆ ಬೇಡ.

ಹಳ್ಳದ ಗುಂಟ ಹೋಗುವುದಾ, ಬೇಡವಾ?

ತಿಳಿವಳಿಕೆ ಒಂದು ಪಾತ್ರವನ್ನು ಹೇಗೆ ಉಳಿಸುತ್ತದೆ ಅನ್ನುವುದಕ್ಕೆ ನಿಜವಾಗಿ ನಡೆದ ಒಂದು ಘಟನೆ ಇದೆ. 1971ರ ಡಿಸೆಂಬರ್ 24ರಂದು ಪೆರು ದೇಶದ ಅಮೆಜಾನ್ ಕಾಡಿನ ಮೇಲೆ ಒಂದು ವಿಮಾನ ಸಿಡಿಲಿಗೆ ಸಿಕ್ಕಿ ಒಡೆದುಹೋಯಿತು. ಅದರಲ್ಲಿದ್ದ 92 ಜನರಲ್ಲಿ ಬದುಕಿ ಬಂದವಳು 17 ವರ್ಷದ ಯೂಲಿಯಾನೆ ಕೋಪ್ಕೆ ಒಬ್ಬಳೇ. ಸೀಟಿಗೆ ಕಟ್ಟಿಕೊಂಡ ಬೆಲ್ಟಿನ ಸಮೇತ ಸುಮಾರು 3 ಕಿಲೋಮೀಟರ್ ಎತ್ತರದಿಂದ ಕಾಡಿನೊಳಗೆ ಬಿದ್ದಳು. ಕನ್ನಡಕ ಕಳೆದುಹೋಗಿತ್ತು. ಕಾಲಿಗೆ ಒಂದೇ ಚಪ್ಪಲಿ. ತಿನ್ನಲು ಒಂದಿಷ್ಟು ಮಿಠಾಯಿ. 11 ದಿನ ಕಾಡಿನಲ್ಲಿ ಕಳೆದಳು.

ಅವಳ ಅಪ್ಪ ಅಮ್ಮ ಪ್ರಾಣಿಶಾಸ್ತ್ರಜ್ಞರು. ಅವರ ಜೊತೆ ಕಾಡಿನ ನಡುವಿನ ಸಂಶೋಧನಾ ಕೇಂದ್ರದಲ್ಲಿ ವಾಸ ಮಾಡಿದ್ದಳು. ಸಣ್ಣ ತೊರೆ ಸಿಕ್ಕರೆ ಅದರ ಗುಂಟ ಹೋಗು, ಅದು ದೊಡ್ಡದಕ್ಕೆ ಸೇರುತ್ತದೆ, ದೊಡ್ಡ ಹೊಳೆಯ ದಂಡೆಯಲ್ಲಿ ಜನ ಇರುತ್ತಾರೆ ಅಂತ ಅಪ್ಪ ಹೇಳಿಕೊಟ್ಟಿದ್ದರು. ಹಾಗೇ ಮಾಡಿದಳು. ಕೊನೆಗೆ ಒಂದು ದೋಣಿ ಕಂಡಿತು, ಹತ್ತಿರ ಒಂದು ಗುಡಿಸಲು. ಅವಳ ತೋಳಿನ ಗಾಯದಲ್ಲಿ ಹುಳ ಆಗಿತ್ತು. ಮನೆಯ ನಾಯಿಗೆ ಹಿಂದೆ ಹೀಗೇ ಆದಾಗ ಅಪ್ಪ ಸೀಮೆಎಣ್ಣೆ ಹಾಕಿದ್ದು ನೆನಪಾಯಿತು. ದೋಣಿಯ ಎಂಜಿನ್ನಿಗೆ ಇಟ್ಟಿದ್ದ ಪೆಟ್ರೋಲನ್ನು ಗಾಯಕ್ಕೆ ಸುರಿದುಕೊಂಡಳು.

ಕಥೆ ಬರೆಯುವವರು ಇಲ್ಲಿ ಇನ್ನೊಂದು ಸಂಗತಿಯನ್ನು ಬಿಡಬಾರದು. ಅಷ್ಟು ದಿನ ಒಂಟಿಯಾಗಿ ನಡೆದು ಬಂದ ಹುಡುಗಿಗೆ ಎದುರಿಗೇ ದೋಣಿ ಇತ್ತು. ಆದರೂ ಅದನ್ನು ತೆಗೆದುಕೊಂಡು ಹೋಗಲು ಮನಸ್ಸು ಬರಲಿಲ್ಲ, ಅದು ಬೇರೆಯವರದ್ದು ಅಂತ. ಗುಡಿಸಲಿನಲ್ಲೇ ಉಳಿದಳು. ಮರ ಕಡಿಯುವ ಕೆಲಸದವರು ಬಂದು ಅವಳನ್ನು ಕಂಡರು. ಅವಳು ಎಂಥ ಮನೆಯಲ್ಲಿ ಬೆಳೆದವಳು, ಎಂಥ ಹುಡುಗಿ ಅನ್ನುವುದು ಆ ದೋಣಿಯ ಮುಂದೆ ನಿಂತಾಗ ಪೂರ್ತಿ ಗೊತ್ತಾಗುತ್ತದೆ. ಇಂಥ ಒಂದು ಗಳಿಗೆ ನಿಮ್ಮ ಪಾತ್ರಕ್ಕೆ ಸಿಕ್ಕರೆ ಅದರ ಗುಣವನ್ನು ಬೇರೆ ಮಾತಿನಲ್ಲಿ ವರ್ಣಿಸುವ ಕೆಲಸವೇ ಇಲ್ಲ.

ಈಗ ಅದೇ ನಿಯಮವನ್ನು ಕೊಡಚಾದ್ರಿಗೆ ತನ್ನಿ. ಅದ್ವೈತ್‌ಗೆ ಇದು ಗೊತ್ತಿದೆ. ಹಳ್ಳದ ಗುಂಟ ಇಳಿಯೋಣ ಅನ್ನುತ್ತಾನೆ, ಗಟ್ಟಿಯಾಗಿ ಅನ್ನುತ್ತಾನೆ. ಅಮೆಜಾನಿನ ಬಯಲು ಕಾಡಿನಲ್ಲಿ ಅದು ಸರಿ. ಇಲ್ಲಿ ಘಟ್ಟ ಇದೆಯಲ್ಲ! ಘಟ್ಟದ ಅಂಚಿನ ಪಶ್ಚಿಮಕ್ಕೆ ಹರಿಯುವ ನೀರು ಊರು ಸೇರುವ ಮೊದಲು ಧುಮುಕುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಕೆಳಗೆ ಬೀಳುತ್ತದೆ. ಆಗುಂಬೆಯ ಹತ್ತಿರ ಸೀತಾ ನದಿ ಬರ್ಕಣದಲ್ಲಿ ಬೀಳುತ್ತದೆ. ಕೊಡಚಾದ್ರಿಯ ಎತ್ತರ 1,343 ಮೀಟರ್, ಅದರ ಪಶ್ಚಿಮದ ಮೈ ಕೊಲ್ಲೂರಿನ ಕಡೆಗೆ ಕಡಿದಾಗಿ ಇಳಿಯುತ್ತದೆ. ಹಳ್ಳ ನಂಬಿಕೊಂಡು ಹೋದವರು ಜಾರುವ ಬಂಡೆಯ ಮೇಲೆ ನಿಂತು ಕೆಳಗೆ ಬರೀ ಮಂಜು ನೋಡುತ್ತಾರೆ. ಹಿಂದೆ ಹತ್ತಲು ಶಕ್ತಿ ಇರುವುದಿಲ್ಲ. ಪೂರ್ವಕ್ಕೆ ಹರಿಯುವ ಹಳ್ಳವಾದರೆ ನಿಧಾನಕ್ಕೆ ಇಳಿದು ಎಲ್ಲೋ ಒಂದು ಗದ್ದೆಗೆ, ತೋಟಕ್ಕೆ ಮುಟ್ಟಿಸುವ ಸಾಧ್ಯತೆ ಜಾಸ್ತಿ. ಅಂದರೆ ಒಂದೇ ನಿಯಮ ಬೆಟ್ಟದ ಒಂದು ಮೈಯಲ್ಲಿ ಉಳಿಸುತ್ತದೆ, ಇನ್ನೊಂದು ಮೈಯಲ್ಲಿ ಕೊಲ್ಲುತ್ತದೆ. ಸೂರ್ಯ ಕಾಣದ ದಿನ ಯಾವ ಮೈಯಲ್ಲಿದ್ದೇವೆ ಅಂತ ಹೇಳುವವರು ಯಾರು?

ಇಲ್ಲಿ ನಂದಿನಿಗೆ ತನ್ನದೇ ಒಂದು ಯೋಚನೆ ಇರಬೇಕು. ಗುಡ್ಡ ಹತ್ತೋಣ ಅನ್ನುತ್ತಾಳೆ. ಅದು ಅವಳ ಅನುಭವದಿಂದ ಬಂದ ಮಾತು. 2020ರಲ್ಲಿ ಆನ್‌ಲೈನ್ ಕ್ಲಾಸು ನಡೆದಾಗ ಮಲೆನಾಡಿನ ಎಷ್ಟೋ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದವರು. ಎತ್ತರಕ್ಕೆ ಹೋದರೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ ಅನ್ನುವುದು ಇವರಿಗೆ ಚಿಕ್ಕಂದಿನ ಪಾಠ. ಹಾಗಾಗಿ ಇಳಿಯುವುದಾ, ಹತ್ತುವುದಾ ಅನ್ನುವ ಜಗಳದಲ್ಲಿ ಇಬ್ಬರದ್ದೂ ಕಾರಣ ಇರುವ ಮಾತೇ. ಇಬ್ಬರಲ್ಲಿ ಒಬ್ಬರು ದಡ್ಡರಾಗಿದ್ದರೆ ಓದುವವರಿಗೆ ಉತ್ತರ ಮೊದಲೇ ಗೊತ್ತಾಗುತ್ತದೆ. ಇಬ್ಬರೂ ಅರ್ಧ ಸರಿ ಇದ್ದರೆ ಓದುವವರು ಉಸಿರು ಬಿಗಿಹಿಡಿಯುತ್ತಾರೆ.

ಇಬ್ಬರೂ ಬಿಟ್ಟ ಮೂರನೆಯ ದಾರಿ ಒಂದಿದೆ, ಇದ್ದಲ್ಲೇ ಇರುವುದು. ಹುಡುಕುವ ಕೆಲಸ ಬಲ್ಲವರು ಮಕ್ಕಳಿಗೆ ಹೇಳಿಕೊಡುವುದು ಇದನ್ನೇ. ಆದರೆ ಹದಿಹರೆಯದವರಿಗೆ ಸುಮ್ನೆ ಕೂರುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.

ದಾರಿ ತಪ್ಪಿಸುವ ಬಳ್ಳಿ

ಕಾಡಿನಲ್ಲಿ ಯಾವುದೋ ಒಂದು ಬಳ್ಳಿ ದಾಟಿದರೆ ದಾರಿ ತಪ್ಪುತ್ತದೆ, ಎಷ್ಟು ನಡೆದರೂ ಅದೇ ಜಾಗಕ್ಕೆ ಬರುತ್ತೀರಿ ಅನ್ನುವ ನಂಬಿಕೆ ನಮ್ಮಲ್ಲಿ ಇದೆ. ಪ್ರದೀಪ ಇದನ್ನು ನಂಬುತ್ತಾನೆ, ಅದ್ವೈತ್ ನಗುತ್ತಾನೆ. ಬರೆಯುವವರೂ ಅದ್ವೈತ್ ಜೊತೆ ನಕ್ಕುಬಿಟ್ಟರೆ ಒಳ್ಳೆಯ ದೃಶ್ಯ ಕೈತಪ್ಪುತ್ತದೆ. ಯಾಕೆಂದರೆ ಜನ ಕಂಡದ್ದು ನಿಜ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ಯಾನ್ ಸೌಮನ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ಅಳೆದು ತೋರಿಸಿದರು. ಜನರಿಗೆ ಜಿಪಿಎಸ್ ಕಟ್ಟಿ ದೊಡ್ಡ ಕಾಡಿನಲ್ಲಿ ನೇರ ನಡೆಯಿರಿ ಅಂತ ಬಿಟ್ಟರು. ಸೂರ್ಯ ಕಾಣುತ್ತಿದ್ದಾಗ ಹೆಚ್ಚುಕಡಿಮೆ ನೇರ ನಡೆದರು. ಮೋಡ ಕವಿದ ದಿನ ಸುತ್ತು ಹೊಡೆದರು. ತಾವು ಆಗಲೇ ನಡೆದ ದಾರಿಯನ್ನೇ ಮತ್ತೆ ದಾಟಿದರು, ಅದು ಅವರಿಗೆ ಗೊತ್ತೂ ಆಗಲಿಲ್ಲ.

ಕಥೆಯಲ್ಲಿ ಹೀಗೆ ಬರಲಿ. ಸುಹಾಸ ಚಾಕ್ಲೆಟ್ ತಿಂದು ಕಾಗದ ಬಿಸಾಡಿದ್ದ. ಒಂದೂವರೆ ಗಂಟೆ ನಡೆದ ಮೇಲೆ ಅದೇ ಕೆಂಪು ಕಾಗದ ಅವನ ಕಣ್ಣಿಗೇ ಬೀಳುತ್ತದೆ. ಅವನಿಗೆ ಖುಷಿ, ನಾನು ಬಿಸಾಡಿದ್ದು ಇಲ್ಲೇ ಇದೆ ಅಂತ. ಉಳಿದ ಮೂವರ ಮುಖ ಬಿಳಿಚಿಕೊಳ್ಳುತ್ತದೆ. ಅದ್ವೈತ್ ಮೊದಲ ಸಲ ಪ್ರದೀಪನ ಮುಖ ನೋಡುತ್ತಾನೆ. ಬಳ್ಳಿಯ ಮಾತು ಅವನಿಗೆ ಈಗ ನಗು ತರುವುದಿಲ್ಲ.

ತಪ್ಪು ಜಾಗದಲ್ಲಿ ಹೆದರಿಕೆ

ಪಾತ್ರಗಳ ಭಯವನ್ನೂ ತಿಳಿವಳಿಕೆಯ ಹಾಗೇ ಹಂಚಬೇಕು. ಅದ್ವೈತ್‌ಗೆ ರಕ್ತ ಹೀರುವ ಉಂಬಳ ಅಂದರೆ ಪ್ರಾಣ ಹೋಗುತ್ತದೆ. ಕಾಲುಚೀಲ ಇಳಿಸಿ ನೋಡಿದಾಗ ಪಾದದ ಸುತ್ತ ಐದಾರು ಕೂತು ಗುಂಡಗಾಗಿವೆ. ಕಿತ್ತ ಮೇಲೂ ರಕ್ತ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಉಂಬಳ ಒಂದು ರಸ ಬಿಡುತ್ತದೆ, ಅದಕ್ಕೇ ಹಾಗೆ. ನೋಡಲು ಭಯಂಕರ, ಆದರೆ ಜೀವಕ್ಕೆ ಏನೂ ಆಗುವುದಿಲ್ಲ. ನಂದಿನಿ, ಪ್ರದೀಪ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಇದೇ ಕಥೆಯನ್ನು ಅಕ್ಟೋಬರಿನಿಂದ ಫೆಬ್ರವರಿಗೆ ತೆಗೆದುಕೊಂಡು ಹೋಗಿ ನೋಡಿ. ಆಗ ಉಂಬಳ ಇಲ್ಲ. ದಾರಿಯಲ್ಲಿ ಒಂದು ಮಂಗ ಸತ್ತು ಬಿದ್ದಿದೆ. ಅದ್ವೈತ್ ಪಾಪ ಅಂತ ಹತ್ತಿರ ಹೋಗುತ್ತಾನೆ, ಫೋಟೊ ತೆಗೆಯಲು ಬಗ್ಗುತ್ತಾನೆ. ನಂದಿನಿ ಅವನ ಬ್ಯಾಗು ಹಿಡಿದು ಹಿಂದಕ್ಕೆ ಎಳೆಯುತ್ತಾಳೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಜನರಿಗೂ ಜ್ವರ ಬಂದು, ಆ ಊರಿನ ಹೆಸರೇ ಕಾಯಿಲೆಗೆ ಅಂಟಿಕೊಂಡಿತು. ನಾವು ಅದನ್ನು ಮಂಗನ ಕಾಯಿಲೆ ಅನ್ನುತ್ತೇವೆ. ಹರಡುವುದು ಉಣ್ಣೆಯಿಂದ, ಅಂದರೆ ರಕ್ತ ಹೀರುವ ಸಣ್ಣ ಉಣುಗಿನಿಂದ; ಅದರ ಕಾಲ ಬೇಸಿಗೆಯ ಆಚೀಚೆ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಸತ್ತ ಮಂಗದ ಮೈ ಬಿಟ್ಟ ಉಣ್ಣೆಗಳು ಸುತ್ತಲೂ ಇರುತ್ತವೆ. ಕಚ್ಚಿದ್ದು ತಿಳಿಯುವುದೂ ಇಲ್ಲ. ಜ್ವರ ಬರಲು ಮೂರರಿಂದ ಎಂಟು ದಿನ ಬೇಕು. ಅಂದರೆ ಕಾಡಿನಿಂದ ಬಚಾವಾಗಿ ಬಂದು, ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ ಜ್ವರ ಏರುತ್ತದೆ. ಬರೆಯುವವರಿಗೆ ಇದಕ್ಕಿಂತ ಗಟ್ಟಿಯಾದ ತಿರುವು ಬೇಕಾ? ಇದಕ್ಕೆ ಹುಲಿ ಬೇಡ.

ಕಾಡುಪ್ರಾಣಿಯ ವಿಷಯ ಬಂತಲ್ಲ, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆಗುಂಬೆ ಸೀಮೆಯ ಕಥೆ ಅಂದ ಕೂಡಲೇ ಕಾಳಿಂಗ ಸರ್ಪ ಹೆಡೆ ಎತ್ತಿ ಅಟ್ಟಿಸಿಕೊಂಡು ಬರುವುದನ್ನು ದಯವಿಟ್ಟು ಬಿಡಿ. ಅದರ ಊಟ ಬೇರೆ ಹಾವುಗಳು. ಮನುಷ್ಯರನ್ನು ಕಂಡರೆ ದೂರ ಹೋಗುವ ಜೀವಿ ಅದು. ಮೊಟ್ಟೆ ಕಾಯುವ ಹೆಣ್ಣು ಮಾತ್ರ ಗೂಡು ಬಿಟ್ಟು ಕದಲುವುದಿಲ್ಲ. ಒಣ ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವ ಹಾವು ಅದು. ಬೇಸಿಗೆಯ ಕೊನೆಯ ಕಥೆಯಾದರೆ ಅಂಥ ಒಂದು ಗುಡ್ಡೆಯನ್ನು ನೋಡಿ ಪ್ರದೀಪ ಎಲ್ಲರನ್ನೂ ಸುತ್ತಿ ಬಳಸಿ ಕರೆದುಕೊಂಡು ಹೋದರೆ ಸಾಕು, ಹಾವು ಕಾಣಿಸಿಕೊಳ್ಳಲೂ ಬೇಕಿಲ್ಲ.

ಚಳಿ ಸ್ವಭಾವವನ್ನೇ ಬದಲಿಸುತ್ತದೆ

ಮಲೆನಾಡಿನ ಮಳೆಯಲ್ಲಿ ಸಿಕ್ಕ ಮಕ್ಕಳಿಗೆ ನಿಜವಾದ ಶತ್ರು ಒದ್ದೆ ಬಟ್ಟೆ. ಮೈಯೊಳಗಿನ ಶಾಖ ಸುಮಾರು 37 ಡಿಗ್ರಿ ಇರಬೇಕು. ಅದು 35ಕ್ಕಿಂತ ಕೆಳಗೆ ಹೋದರೆ ಹೈಪೋಥರ್ಮಿಯಾ ಶುರುವಾಗುತ್ತದೆ. ಹಿಮ ಬೀಳುವ ಜಾಗದಲ್ಲಿ ಮಾತ್ರ ಅಂತ ನಾವು ಅಂದುಕೊಂಡಿದ್ದೇವೆ. ಹಾಗೇನಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ನೆನೆದ ಬಟ್ಟೆ, ಗುಡ್ಡದ ಗಾಳಿ, ಖಾಲಿ ಹೊಟ್ಟೆ ಮೂರೂ ಸೇರಿದರೆ ಹಿಮ ಬೇಕಾಗಿಲ್ಲ. ಸಣ್ಣ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ, ಹಾಗಾಗಿ ಮೊದಲ ಪಾಳಿ ಸುಹಾಸನದ್ದು.

ಪಾತ್ರ ಕಟ್ಟುವವರಿಗೆ ಇದು ಯಾಕೆ ಮುಖ್ಯ? ಚಳಿ ಹತ್ತಿದ ಮನುಷ್ಯ ಬೇರೆ ಮನುಷ್ಯನಾಗುತ್ತಾನೆ. ಮೊದಲು ನಡುಕ. ಆಮೇಲೆ ಬೆರಳು ಮಾತು ಕೇಳುವುದಿಲ್ಲ. ಮಾತು ತೊದಲುತ್ತದೆ, ಸಿಟ್ಟು ಬರುತ್ತದೆ, ತೀರ್ಮಾನ ತಪ್ಪುತ್ತದೆ. ತನಗೆ ಏನಾಗುತ್ತಿದೆ ಅಂತ ತನಗೇ ತಿಳಿಯುವುದಿಲ್ಲ. ನಡುಕ ನಿಂತರೆ ವಾಸಿಯಾಯಿತು ಅಂತಲ್ಲ, ಜಾಸ್ತಿಯಾಯಿತು ಅಂತ. ಹಾಗಾದರೆ ಮೂರನೆಯ ಅಧ್ಯಾಯದಲ್ಲಿ ಸಮಾಧಾನದಿಂದ ಇದ್ದ ಹುಡುಗಿ ಆರನೆಯ ಅಧ್ಯಾಯದಲ್ಲಿ ತಮ್ಮನ ಮೇಲೆ ಕಿರುಚಿದರೆ ಅದು ಪಾತ್ರದ ತಪ್ಪಲ್ಲ. ಸೂಕ್ಷ್ಮವಾಗಿ ಓದುವವರಿಗೆ ಅದೇ ಅಪಾಯದ ಗುರುತು.

ದೃಶ್ಯವನ್ನು ಹತ್ತಿರದಿಂದ ನೋಡೋಣ. ಕತ್ತಲಾಗಿದೆ. ಒಂದು ಬಂಡೆಯ ಕೆಳಗೆ ನಾಲ್ವರೂ ಒತ್ತಿಕೊಂಡು ಕೂತಿದ್ದಾರೆ. ಸುಹಾಸನ ಕೈಯಲ್ಲಿ ಕೊನೆಯ ಚಾಕ್ಲೆಟ್. ಕಾಗದದ ತುದಿ ಹಿಡಿಯುತ್ತಾನೆ, ಜಾರುತ್ತದೆ. ಮತ್ತೆ ಹಿಡಿಯುತ್ತಾನೆ. ಹಲ್ಲಿನಿಂದ ಕಚ್ಚುತ್ತಾನೆ. ನಂದಿನಿ, "ತಿಂದು ಮುಗ್ಸೋ, ಆಟ ಆಡ್ಬೇಡ" ಅನ್ನುತ್ತಾಳೆ. ಅವನು ಏನೋ ಹೇಳುತ್ತಾನೆ, ಮಾತು ಸರಿಯಾಗಿ ಹೊರಡುವುದಿಲ್ಲ. ಅದ್ವೈತ್ ಎದ್ದು ಕೂರುತ್ತಾನೆ. ತಮ್ಮನ ಬೆರಳು ಮುಟ್ಟಿ ನೋಡುತ್ತಾನೆ. ಅವನ ಒದ್ದೆ ಅಂಗಿ ಬಿಚ್ಚಿ, ತನ್ನ ಬ್ಯಾಗಿನ ತಳದಲ್ಲಿದ್ದ ಒಣ ಟೀಶರ್ಟು ಹಾಕಿ, ಇಬ್ಬರ ನಡುವೆ ಎಳೆದುಕೊಳ್ಳುತ್ತಾನೆ. ಪ್ರದೀಪ ಬಂಡೆಯ ಸಂದಿಯಿಂದ ದರಗು, ಅಂದರೆ ಉದುರಿದ ಒಣ ಎಲೆ, ಗೋರಿ ತಂದು ಅಡಿಗೆ ಹಾಕುತ್ತಾನೆ. ಇಲ್ಲಿಯ ತನಕ ತಪ್ಪುಗಳನ್ನೇ ಮಾಡಿದ ಅದ್ವೈತ್‌ನ ಒಂದು ನಿಜವಾದ ತಿಳಿವಳಿಕೆ ಸರಿಯಾದ ಹೊತ್ತಿಗೆ ಕೆಲಸಕ್ಕೆ ಬಂತು. ಅವನು ಒಳ್ಳೆಯ ಹುಡುಗ ಅಂತ ಯಾರೂ ಹೇಳಬೇಕಾಗಿಲ್ಲ.

ಹುಡುಗರು ಗುಂಪಿನಲ್ಲಿದ್ದಾಗ

ಹದಿಹರೆಯದವರ ಕಥೆಯಲ್ಲಿ ದೊಡ್ಡವರನ್ನು ದೂರ ಇಡುವುದು ಸುಮ್ನೆ ಸಂಪ್ರದಾಯ ಅಲ್ಲ. ಆ ವಯಸ್ಸಿನ ಮನಸ್ಸು ಗೆಳೆಯರ ಎದುರು ಬೇರೆಯೇ ರೀತಿ ಓಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ, ಎಷ್ಟು ದೂರ ಧೈರ್ಯ ಮಾಡುತ್ತೀರಿ ಅನ್ನುವುದು ಪರೀಕ್ಷೆ. 13ರಿಂದ 16 ವರ್ಷದವರು ಗೆಳೆಯರು ಪಕ್ಕದಲ್ಲಿದ್ದಾಗ ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಉಕ್ಕಿದ ಹಳ್ಳದ ಮುಂದೆ ಇದನ್ನು ಇಟ್ಟು ನೋಡಿ. ಮೊಣಕಾಲುದ್ದದ ನೀರು ಜೋರಾಗಿ ಹರಿಯುತ್ತಿದ್ದರೆ ದೊಡ್ಡವರನ್ನೂ ಕೆಡವುತ್ತದೆ. ಅದ್ವೈತ್ ಒಬ್ಬನೇ ಇದ್ದಿದ್ದರೆ ದಡದಲ್ಲೇ ಕೂರುತ್ತಿದ್ದ. ಪ್ರದೀಪ ನೋಡುತ್ತಿದ್ದಾನೆ, ಅದಕ್ಕೇ ಇಳಿಯುತ್ತಾನೆ. ಎರಡು ವರ್ಷ ಚಿಕ್ಕವನ ಎದುರು ಹಿಂದೆ ಸರಿಯುವುದು ಹೇಗೆ?

ಗುಂಪು ಕೆಡಿಸುತ್ತದೆ ಅಂತಷ್ಟೇ ತಿಳಿಯಬೇಡಿ. 2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯೊಳಗೆ 12 ಹುಡುಗರು ಮತ್ತು ಅವರ ಫುಟ್‌ಬಾಲ್ ಕೋಚ್ ಮಳೆನೀರಿಗೆ ಸಿಕ್ಕಿಕೊಂಡರು. ಹೊರಗಿನವರು ಅವರನ್ನು ಕಂಡಿದ್ದು ಜುಲೈ 2ಕ್ಕೆ, ಕೊನೆಯವರು ಹೊರಗೆ ಬಂದಿದ್ದು ಜುಲೈ 10ಕ್ಕೆ. ಮೊದಲು ಸನ್ಯಾಸಿಯಾಗಿದ್ದ ಕೋಚ್ ಮಕ್ಕಳಿಗೆ ಧ್ಯಾನ ಹೇಳಿಕೊಟ್ಟಿದ್ದ. ಹುಡುಗರು ಸರದಿ ಪ್ರಕಾರ ಕಲ್ಲಿನಿಂದ ಗುಹೆಯ ಗೋಡೆ ಅಗೆಯುತ್ತಿದ್ದರು. ಅದರಿಂದ ಹೊರದಾರಿ ಆಗಲಿಲ್ಲ. ಆದರೆ ಕೈಗೆ ಒಂದು ಕೆಲಸ, ಪ್ರತಿಯೊಬ್ಬರಿಗೂ ಒಂದು ಪಾಳಿ ಇತ್ತು. ನಿಮ್ಮ ಕಥೆಯಲ್ಲಿ ಒಂಬತ್ತು ವರ್ಷದ ಸುಹಾಸನಿಗೂ ಒಂದು ಕೆಲಸ ಕೊಡಿ. ಬೆಂಕಿ ಕಾಯುವುದಿರಲಿ, ಉಂಬಳ ಎಣಿಸುವುದಿರಲಿ. ಕೆಲಸ ಇಲ್ಲದ ಪಾತ್ರ ಬರೀ ಹೊರೆಯಾಗುತ್ತದೆ, ಓದುವವರಿಗೂ.

ಕೂಗಿಗೆ ಓಗೊಡದ ಮಕ್ಕಳು

ಹುಡುಕುವವರು ಬಂದರು, ಮಕ್ಕಳು ಕೂಗಿದರು, ಸಿಕ್ಕರು. ಕಥೆ ಇಷ್ಟು ಸುಲಭಕ್ಕೆ ಮುಗಿಯಬೇಕಾಗಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿಯರು ಹೇಳುತ್ತಾರೆ: ರಾತ್ರಿ ಹೊರಗಿನಿಂದ ಯಾರಾದರೂ ಒಂದೇ ಸಲ ಕರೆದರೆ ಓಗೊಡಬೇಡ, ಅದು ಮನುಷ್ಯರದ್ದಲ್ಲ. ಪ್ರದೀಪನ ತಲೆಯಲ್ಲಿ ಇದು ಬೇರೂರಿದೆ. ಎರಡನೆಯ ರಾತ್ರಿ ದೂರದ ಕಣಿವೆಯಿಂದ ಒಂದು 'ಕೂ' ಕೇಳುತ್ತದೆ. ಊರವರು ಟಾರ್ಚು ಹಿಡಿದು ಹುಡುಕುತ್ತಿದ್ದಾರೆ, ಅವರದೇ ಕೂಗು. ನಂದಿನಿ ಬಾಯಿ ತೆರೆಯುವಷ್ಟರಲ್ಲಿ ಪ್ರದೀಪ ಅವಳ ಬಾಯಿ ಮುಚ್ಚುತ್ತಾನೆ. ಎರಡನೆಯ ಕೂಗಿಗೆ ಕಾಯುತ್ತಾರೆ. ಗಾಳಿ ತಿರುಗುತ್ತದೆ. ಎರಡನೆಯದು ಕೇಳಿಸುವುದಿಲ್ಲ. ಸಾಯುವಷ್ಟು ಪ್ರೀತಿಯಿಂದ ಅಜ್ಜಿ ಹೇಳಿದ ಮಾತೇ ಅವರನ್ನು ಇನ್ನೊಂದು ರಾತ್ರಿ ಕಾಡಿನಲ್ಲಿ ಇಡುತ್ತದೆ.

ಇದು ಬರೀ ಕಲ್ಪನೆ ಅನ್ನಿಸಬಹುದು. ಮಕ್ಕಳು ಹುಡುಕುವವರಿಂದ ಅಡಗುವುದು ನಿಜವಾಗಿ ನಡೆಯುತ್ತದೆ. ಅಪರಿಚಿತರ ಭಯ ಇರುತ್ತದೆ, ಬೈಸಿಕೊಳ್ಳುವ ಭಯ ಇರುತ್ತದೆ. 2023ರ ಮೇ 1ರಂದು ಕೊಲಂಬಿಯಾದ ಕಾಡಿನಲ್ಲಿ ಸಣ್ಣ ವಿಮಾನ ಬಿದ್ದು ಅಮ್ಮ ತೀರಿಕೊಂಡ ಮೇಲೆ, ಹುಯಿಟೊಟೊ ಸಮುದಾಯದ ನಾಲ್ವರು ಒಡಹುಟ್ಟಿದವರು 40 ದಿನ ಬದುಕಿದರು. ಹಿರಿಯಕ್ಕನಿಗೆ 13, ಕೊನೆಯ ಕೂಸಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು ಮೊದಲ ದಿನಗಳಿಗೆ ಆಯಿತು. ಆಮೇಲೆ ಯಾವ ಹಣ್ಣು ತಿನ್ನಬಹುದು ಅಂತ ಹಿರಿಯಳಿಗೆ ಗೊತ್ತಿತ್ತು, ಅಜ್ಜಿಯಿಂದ ಕಲಿತದ್ದು. ಸೈನಿಕರು ಹೆಲಿಕಾಪ್ಟರಿನಿಂದ ಧ್ವನಿವರ್ಧಕದಲ್ಲಿ ಅಜ್ಜಿಯ ಧ್ವನಿಯನ್ನೇ ಕೇಳಿಸಿದರು, ಇದ್ದಲ್ಲೇ ಇರಿ ಅಂತ, ಅವರದೇ ಭಾಷೆಯಲ್ಲಿ. ಮಕ್ಕಳ ಕಿವಿ ಯಾರ ಧ್ವನಿಯನ್ನು ನಂಬುತ್ತದೆ ಅನ್ನುವುದು ಹುಡುಕುವವರಿಗೆ ಅರ್ಥವಾಗಿತ್ತು.

ಮಲೆನಾಡಿನಲ್ಲಿ ಕಿವಿಗೆ ಮೋಸವೂ ಆಗುತ್ತದೆ. ಬೆಳಗಿನ ಜಾವ ಹಳ್ಳದ ಹತ್ತಿರ ಯಾರೋ ಹುಡುಗ ಸಿಳ್ಳು ಹಾಕಿಕೊಂಡು ಹೋದ ಹಾಗೆ ಕೇಳುತ್ತದೆ. ನಾಲ್ವರೂ ಎದ್ದು ಓಡುತ್ತಾರೆ. ಅಲ್ಲಿ ಬಂಡೆಯ ಮೇಲೆ ಕಪ್ಪುನೀಲಿ ಬಣ್ಣದ ಸಿಳ್ಳಾರ ಹಕ್ಕಿ ಕೂತಿದೆ.

ಎಲ್ಲ ಬಲ್ಲ ಕಾಡಿನ ಹುಡುಗ

ಪ್ರದೀಪನ ಬಗ್ಗೆ ಇನ್ನಷ್ಟು ಹೇಳಲೇಬೇಕು. ಇಂಥ ಕಥೆಗಳಲ್ಲಿ ಬಡವರ ಮನೆಯ ಹುಡುಗನಿಗೆ ಕಾಡೆಲ್ಲ ಗೊತ್ತಿರುತ್ತದೆ. ಅವನು ಪೇಟೆಯ ಹುಡುಗನನ್ನು ಉಳಿಸುತ್ತಾನೆ, ಕೊನೆಯಲ್ಲಿ ಒಂದು ನಗು ನಕ್ಕು ಮರೆಯಾಗುತ್ತಾನೆ. ಅವನಿಗೆ ಏನು ಬೇಕು ಅಂತ ಯಾರೂ ಕೇಳಿರುವುದಿಲ್ಲ. ಇದು ಆ ಪಾತ್ರಕ್ಕೆ ಮಾಡುವ ಅನ್ಯಾಯ, ಅಂಥ ಮಕ್ಕಳು ಇದನ್ನು ಓದುತ್ತಾರೆ ಅನ್ನುವುದನ್ನು ಮರೆಯಬಾರದು.

ಪ್ರದೀಪನಿಗೂ ಗೊತ್ತಿಲ್ಲದ್ದು ಇರಲಿ. ಅಪ್ಪನ ಜೊತೆ ಉಪ್ಪಾಗೆ ಹಣ್ಣು ಕೊಯ್ಯಲು, ಜೇನಿಗೆ ಹೋದವನು ನಿಜ, ಆದರೆ ಬೆಟ್ಟದ ಈ ಮೈಗೆ ಬಂದಿಲ್ಲ. ಒದ್ದೆ ಕಟ್ಟಿಗೆ ಹೊತ್ತಿಸಲು ಧೂಪದ ಮರದ ಅಂಟು ಬೇಕು ಅಂತ ಗೊತ್ತು, ಮರ ಸಿಗುತ್ತಿಲ್ಲ. ಅವನದ್ದೂ ಒಂದು ಆಸೆ ಇರಲಿ. ಐಟಿಐ ಸೇರಬೇಕು, ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿ ಇರಬೇಕು, ಕಾಡು ತೋಟ ಎರಡೂ ಸಾಕು ಅನ್ನಿಸಿದೆ. ಕಾಡು ಬಲ್ಲವನಿಗೆ ಕಾಡು ಇಷ್ಟವೇ ಆಗಬೇಕು ಅಂತ ಯಾರು ಹೇಳಿದರು?

ಅವನ ಮಾತಿನಲ್ಲೇ ಎಲ್ಲ ತೋರಿಸಬಹುದು. ಮೊದಲ ದಿನ ಅವನು "ಅದ್ವೈತಣ್ಣ, ಈ ಕಡೆ ಬ್ಯಾಡ ಅನ್ಸತ್ತೆ" ಅನ್ನುತ್ತಾನೆ, ಅದ್ವೈತ್ ಕೇಳದಿದ್ದರೆ ಸುಮ್ಮನಾಗುತ್ತಾನೆ. ಒಡೆಯರ ಮನೆಯ ಹುಡುಗನ ಮಾತಿಗೆ ಎರಡನೇ ಸಲ ಎದುರಾಡುವ ಅಭ್ಯಾಸ ಅವನಿಗಿಲ್ಲ. ಆ ಮೌನದಿಂದಲೇ ಅವರು ಪಶ್ಚಿಮದ ಹಳ್ಳಕ್ಕೆ ಇಳಿದಿದ್ದು. ಮೂರನೆಯ ದಿನ, ಜಾರುವ ಬಂಡೆಯ ಅಂಚಿನಲ್ಲಿ, ಅವನ ಬಾಯಿಂದ "ಅದ್ವೈತ್, ನಿಲ್ಲು!" ಅಂತ ಬರುತ್ತದೆ. ಅಣ್ಣ ಇಲ್ಲ. ಅದ್ವೈತ್ ನಿಲ್ಲುತ್ತಾನೆ.

ಮಕ್ಕಳ ಮಾತು ಬರೆಯುವಾಗ ಭಯವನ್ನು ಭಯ ಅಂತ ಹೇಳಿಸಬೇಡಿ. "ನನಗೆ ತುಂಬಾ ಹೆದರಿಕೆಯಾಗುತ್ತಿದೆ" ಅಂತ ಒಂಬತ್ತು ವರ್ಷದವರು ಹೇಳುವುದಿಲ್ಲ. ಹೀಗೆ ಹೇಳುತ್ತಾರೆ:

"ಅಕ್ಕಾ, ನಾಳೆ ಶನಿವಾರ ಅಲ್ವಾ?"

"ಹ್ಞೂ. ಎಂತಕ್ಕೆ?"

"ಅಮ್ಮ ಶನಿವಾರ ನೀರುದೋಸೆ ಮಾಡ್ತೀನಿ ಅಂದಿದ್ಲು."

"ಸುಮ್ನೆ ಮಲಕ್ಕೋ."

ನಡುನಡುವೆ ಮನೆಯ ದೃಶ್ಯ ತರಬೇಕಾ ಅಂತ ಕೆಲವರು ಕೇಳುತ್ತಾರೆ. ಅಂಗಳದಲ್ಲಿ ಜನ ಸೇರಿದ್ದಾರೆ, ಅಮ್ಮ ಅಳುತ್ತಿದ್ದಾಳೆ, ಅರಣ್ಯ ಇಲಾಖೆಯವರು ಬಂದರು ಅಂತೆಲ್ಲ. ನನ್ನ ಅಭಿಪ್ರಾಯದಲ್ಲಿ ಬೇಡ. ಹುಡುಕುವವರು ಎಲ್ಲಿದ್ದಾರೆ ಅಂತ ಓದುವವರಿಗೆ ಗೊತ್ತಾದ ಕೂಡಲೇ ಮಕ್ಕಳ ತೀರ್ಮಾನಗಳ ತೂಕ ಇಳಿಯುತ್ತದೆ. ನಾಲ್ವರಿಗೆ ಗೊತ್ತಿರುವಷ್ಟೇ ಓದುವವರಿಗೂ ಗೊತ್ತಿರಲಿ.

ವಾಪಸ್ ಬಂದ ಮೇಲಿನ ಭಾಗವನ್ನು ಮಾತ್ರ ಎರಡು ಸಾಲಿನಲ್ಲಿ ಮುಗಿಸಬೇಡಿ. ಕಾಡಿನಲ್ಲಿ ಮೂರು ದಿನ ನಾಲ್ವರೂ ಒಂದೇ ಬಾಟಲಿಯಿಂದ ಕುಡಿದಿದ್ದಾರೆ, ಒಂದೇ ದರಗಿನ ಮೇಲೆ ಮಲಗಿದ್ದಾರೆ. ಈಗ ಅಂಗಳಕ್ಕೆ ಬಂದಿದ್ದಾರೆ. ಅದ್ವೈತ್, ನಂದಿನಿ, ಸುಹಾಸನನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ, ಬಿಸಿನೀರು ಕಾದಿದೆ. ಪ್ರದೀಪ ಅಭ್ಯಾಸದ ಪ್ರಕಾರ ಹಿತ್ತಲ ಕಡೆ ನಡೆಯುತ್ತಾನೆ. ಅಲ್ಲೇ ಅವನಿಗೆ ಯಾವಾಗಲೂ ಕಾಫಿ ಕೊಡುವುದು. ಹಳ್ಳದ ಗುಂಟ ಇಳಿಯೋಣ ಅಂದವರು ಯಾರು ಅಂತ ದೊಡ್ಡವರು ಕೇಳುತ್ತಾರೆ. ಅದ್ವೈತ್ ಬಾಯಿ ತೆರೆಯುವ ಮೊದಲೇ ಯಾರೋ ಪ್ರದೀಪನ ಹೆಸರು ಹೇಳುತ್ತಾರೆ, ಕಾಡು ಗೊತ್ತಿದ್ದವನು ಅವನೇ ಅಲ್ಲವಾ ಅಂತ. ಈಗ ಅದ್ವೈತ್ ಏನು ಹೇಳುತ್ತಾನೆ, ನಂದಿನಿ ಅಮ್ಮನ ಕೈ ಬಿಡಿಸಿಕೊಂಡು ಹಿತ್ತಲಿಗೆ ಹೋಗುತ್ತಾಳಾ ಅನ್ನುವ ದೃಶ್ಯಕ್ಕೆ, ಬಂಡೆಯ ಅಂಚಿನ ದೃಶ್ಯಕ್ಕೆ ಕೊಟ್ಟಷ್ಟೇ ಪುಟ ಕೊಡಿ.